ಕಫದ ರಿಪೋರ್ಟಿನ ‘ಫ್ಲೋರಾ’ಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಬೇಕಾದದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಹೊಸನಗರದ ಹತ್ತಿರ ನಮ್ಮ ಚಿಕ್ಕಮ್ಮನ ಮನೆ. ಅಡಿಕೆ ಬೇಯಿಸುವ ಒಲೆಯ ಮುಂದೆ ನಲವತ್ತು ವರ್ಷ ಕೂತವರು. ಮಳೆ ಹಿಡಿದರೆ ಗೂರಲೂ ಹಿಡಿಯುತ್ತದೆ. ಈ ಸಲ ಡಾಕ್ಟರು ಕಫ ಪರೀಕ್ಷೆಗೆ ಬರೆದುಕೊಟ್ಟರು. ಕಫ ಪರೀಕ್ಷೆ ಎಂದರೆ ಕ್ಷಯವೇ ಎಂದು ನಮ್ಮ ಕಡೆಯ ಲೆಕ್ಕ. ರಿಪೋರ್ಟು ಬರುವ ತನಕ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಕೊನೆಗೆ ಬಂದದ್ದು ಒಂದೇ ಸಾಲು: ‘ನಾರ್ಮಲ್ ರೆಸ್ಪಿರೇಟರಿ ಫ್ಲೋರಾ ಗ್ರೋನ್’. ಏಳನೇ ಕ್ಲಾಸಿನ ಮೊಮ್ಮಗಳು ಅದನ್ನು ಓದಿ, “ಫ್ಲೋರಾ ಅಂದ್ರೆ ಗಿಡಮರ ಅಜ್ಜಿ, ನಮ್ಮ ಪಾಠದಲ್ಲಿದೆ” ಎಂದಳಂತೆ. ಆಮೇಲೆ ನನಗೆ ಫೋನು: “ಎಂಥದಾ ಇದು ಮಾರಾಯ, ಎದೆ ಒಳಗೆ ಗಿಡ ಹುಟ್ಟಿದ್ಯಂತಲ್ಲ!”

ಮಗುವಿನ ತಪ್ಪಲ್ಲ. ಒಂದು ಕಾಲದಲ್ಲಿ ಬ್ಯಾಕ್ಟೀರಿಯಾಗಳನ್ನು ಸಸ್ಯಗಳ ಪಂಗಡಕ್ಕೇ ಸೇರಿಸಿದ್ದರು. ಪಂಗಡ ಬದಲಾಯಿತು, ಹೆಸರು ಮಾತ್ರ ಲ್ಯಾಬಿನ ಕಾಗದದಲ್ಲಿ ಉಳಿದುಕೊಂಡಿತು. “ಗಿಡ ಅಲ್ಲ, ಅಲ್ಲಿ ಇರಬೇಕಾದ ಕ್ರಿಮಿಗಳೇ ಇದಾವೆ, ಹೆದರಬೇಡಿ” ಎಂದೆ. “ಇರಬೇಕಾದ ಕ್ರಿಮಿ ಅಂತ ಬೇರೆ ಇರ್ತದನಾ?” ಎಂದು ಚಿಕ್ಕಮ್ಮ ಕೇಳಿದಾಗ ನನ್ನ ಬಾಯಿ ಕಟ್ಟಿತು. ಕ್ರಿಮಿ, ರೋಗಾಣು ಇವೆಲ್ಲ ಮೊದಲೇ ಅಪರಾಧಿ ಸ್ಥಾನದಲ್ಲಿ ನಿಂತ ಪದಗಳು. ‘ಸೂಕ್ಷ್ಮಾಣು’ ಅಷ್ಟು ಕೆಟ್ಟು ಹೋಗಿರಲಿಲ್ಲ, ಕೊರೋನಾ ಬಂದಮೇಲೆ ಅದರ ಮಾನವೂ ಹೋಯಿತು.

ಈಗ ಪರಿಚಯದ ಡಾಕ್ಟರೊಬ್ಬರ ಕ್ಲಿನಿಕ್ಕಿನ ಗೋಡೆಗೆ ಹಚ್ಚಲು ಈ ವಿಷಯವಾಗಿ ಒಂದು ಪುಟ ಬರೆದುಕೊಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ಮೈಕ್ರೋಬಯೋಟಾ ಎಂದರೆ ಒಂದು ಜಾಗದಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳು. ಮೈಕ್ರೋಬಯೋಮ್ ಎಂದರೆ ಆ ಜೀವಿಗಳ ಜೊತೆಗೆ ಅವುಗಳ ಜೀನುಗಳು, ನೆಲೆ, ವ್ಯವಹಾರ ಎಲ್ಲವೂ. ಊರವರಿಗೂ ಊರಿಗೂ ಇರುವ ವ್ಯತ್ಯಾಸ. ನಮ್ಮ ಪತ್ರಿಕೆಗಳು ಎರಡಕ್ಕೂ ‘ಸೂಕ್ಷ್ಮಜೀವಿ ಸಮುದಾಯ’ ಎಂದು ಬರೆದು ಮುಗಿಸುತ್ತವೆ. ಇನ್ನು ‘ಏರ್‌ವೇ’: ಶ್ವಾಸನಾಳ ಎಂದರೆ ಗಂಟಲ ಕೆಳಗಿನ ಒಂದೇ ಕೊಳವೆಯಾಯಿತು. ಮೂಗಿನಿಂದ ಹಿಡಿದು ಶ್ವಾಸಕೋಶದ ಕವಲುಗಳವರೆಗೆ ಹೇಳಬೇಕಲ್ಲ, ಅದಕ್ಕೆ ‘ಉಸಿರುದಾರಿ’ ಎಂದು ಬರೆದಿದ್ದೇನೆ. ಇದಕ್ಕೆ ಯಾರದೂ ತಕರಾರು ಇರಲಾರದು.

ಜೀವಿಗಳಿಗೆ ನನಗೆ ಹೊಳೆದದ್ದು ‘ಒಕ್ಕಲು’. ನಮ್ಮಲ್ಲಿ ಗೃಹಪ್ರವೇಶಕ್ಕೂ ಮನೆ ಒಕ್ಕಲು ಎನ್ನುವುದುಂಟು. ಬಂದು ನೆಲೆನಿಂತವರು ಒಕ್ಕಲು. ಆಂಟಿಬಯೋಟಿಕ್ ನುಂಗಿದರೆ ಒಳ್ಳೆಯವರು ಕೆಟ್ಟವರು ನೋಡದೆ ‘ಒಕ್ಕಲೆಬ್ಬಿಸಿದ’ ಹಾಗೆ. ಲಿಂಗನಮಕ್ಕಿಯಲ್ಲಿ ಮುಳುಗಡೆಯಾದವರ ಮಕ್ಕಳು ಮೊಮ್ಮಕ್ಕಳು ಇರುವ ಈ ಜಿಲ್ಲೆಯಲ್ಲಿ ಆ ಕ್ರಿಯಾಪದವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಕ್ಕಲು ಎಂದ ಕೂಡಲೇ ಜಾತಿ, ಗೇಣಿ, ಒಡೆಯ ಎಲ್ಲ ನೆನಪಾಗುತ್ತವೆ ಎಂದು ಸಾಗರದ ಗೆಳೆಯರೊಬ್ಬರು ಎಚ್ಚರಿಸಿದರು. ಗೇಣಿ ರೈತರು ಒಡೆಯರ ವಿರುದ್ಧ ಸತ್ಯಾಗ್ರಹ ಹೂಡಿದ ಕಾಗೋಡಿನ ನೆಲದಲ್ಲಿ ನೆನಪಾಗದೆ ಇದ್ದೀತೆ? ಆದರೂ ಪದವನ್ನು ಬಿಡಲು ಮನಸ್ಸಾಗಲಿಲ್ಲ.

ಬಿಡುವ ಹಾಗೆ ಮಾಡಿದ್ದು ಡಾಕ್ಟರು. ಧ್ವನಿತಂತುಗಳಿಂದ ಕೆಳಗೆ ಒಂದು ಸೂಕ್ಷ್ಮಜೀವಿಯೂ ಇಲ್ಲವೆಂದೇ ಬಹುಕಾಲ ಪಾಠ ಹೇಳುತ್ತಿದ್ದರಂತೆ. 2010ರಲ್ಲಿ ಲಂಡನ್ನಿನ ಸಂಶೋಧಕರು, ಬಟ್ಟಲಲ್ಲಿ ಬೆಳೆಸಿ ನೋಡುವುದನ್ನು ಬಿಟ್ಟು, ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿದಾಗ ಆ ಪಾಠ ಸುಳ್ಳಾಯಿತು. ಆರೋಗ್ಯವಂತರ ಎದೆಯಲ್ಲೂ ಇದ್ದವು. ಬಾಯಲ್ಲಿರುವ ಪ್ರಿವೊಟೆಲ್ಲದ ಜಾತಿಯವು ಆರೋಗ್ಯವಂತರಲ್ಲಿ ಹೆಚ್ಚು, ಹೀಮೊಫಿಲಸ್ಸಿನಂಥವು ಆಸ್ತಮಾದವರಲ್ಲಿ ಹೆಚ್ಚು.

ಆದರೆ ಆರೋಗ್ಯವಂತರ ಶ್ವಾಸಕೋಶದಲ್ಲಿ ಅವು ಒಕ್ಕಲಾಗಿಲ್ಲ! ನಿದ್ದೆಯಲ್ಲಿ ಬಾಯಿಯ ಎಂಜಲು ಒಂದಿಷ್ಟು ಒಳಗೆ ಇಳಿಯುತ್ತದೆ, ಅದರ ಜೊತೆ ಇವೂ ಇಳಿಯುತ್ತವೆ. ಉಸಿರುದಾರಿಯ ಒಳಮೈಯ ಸಣ್ಣ ಸಣ್ಣ ರೋಮಗಳು ಕಫವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ, ಅದರ ಜೊತೆ ಹೊರಗೂ ಹೋಗುತ್ತವೆ. ಯಾವ ಹೊತ್ತಿಗೆ ನೋಡಿದರೂ ಕೆಲವು ಇರುತ್ತವೆ, ಉಳಿಯುವುದು ಕಮ್ಮಿ. ಇದು ಸಂತೆ. ಹೊಗೆ ಕುಡಿದೂ ಕುಡಿದೂ ಆ ರೋಮಗಳು ಸೋತು ಕಫ ಅಲ್ಲೇ ನಿಂತಾಗ, ಬಂದವು ಹೋಗದೆ ಅಲ್ಲೇ ಹೆಚ್ಚತೊಡಗುತ್ತವೆ. ಹತ್ತು ಬಗೆಯವಿದ್ದ ಕಡೆ ಒಂದೆರಡು ಬಗೆಯವೇ ತುಂಬಿಕೊಳ್ಳುತ್ತವೆ, ಕಾನು ಹೋಗಿ ಅಕೇಶಿಯಾ ಎದ್ದ ಗುಡ್ಡದ ಹಾಗೆ. ಗೂರಲು ಕೆರಳಿದಾಗ ಕಫದಲ್ಲಿ ಹೀಮೊಫಿಲಸ್ ಸಿಗುವುದು ಡಾಕ್ಟರಿಗೆ ಹೊಸತೇನಲ್ಲ. ಸಿಕ್ಕಿದ್ದೆಲ್ಲ ಸೋಂಕು ಎಂದೂ ಅಲ್ಲ, ಸುಮ್ಮನೆ ಬೀಡುಬಿಟ್ಟಿರುವುದೂ ಉಂಟು.

ಅಂದರೆ ಮೂಗು ಗಂಟಲುಗಳಲ್ಲಿ ಒಕ್ಕಲು, ಗಟ್ಟಿ ಇರುವವರ ಶ್ವಾಸಕೋಶದಲ್ಲಿ ಸಂತೆ, ಕಾಯಿಲೆಯವರ ಶ್ವಾಸಕೋಶದಲ್ಲಿ ಮೂರನೆಯದೊಂದು. ಆ ಮೂರನೆಯದಕ್ಕೇ ನನ್ನಲ್ಲಿ ನಾಮಪದವಿಲ್ಲ. ತಳವೂರು, ಠಿಕಾಣಿ ಹೂಡು, ಝಂಡಾ ಊರು: ಕ್ರಿಯಾಪದಗಳಿಗೆ ಬರವಿಲ್ಲ. ‘ವಸಾಹತು’ ಎಂದು ಪಠ್ಯಪುಸ್ತಕದವರು ಬರೆಯುತ್ತಾರೆ, ಅದನ್ನು ಓದಿದರೆ ನನಗೆ ಬ್ರಿಟಿಷರೇ ಕಣ್ಣಿಗೆ ಬರುತ್ತಾರೆ.

ಚಿಕ್ಕಮ್ಮನಿಗೆ ಸಂತೆಯ ಮಾತು ಚೆನ್ನಾಗಿ ಹಿಡಿಸಿತು. “ಹಂಗಾರೆ ನಂದು ಸಂತೆ ಮುಗಿದ ಮೇಲೂ ಜೋಪಡಿ ಹಾಕ್ಕಂಡು ಕೂತಾವು ಅನ್ನು” ಎಂದರು. ರಿಪೋರ್ಟು ನಾರ್ಮಲ್ ಇದೆಯೆಂದು ಮತ್ತೆ ಹೇಳಬೇಕಾಯಿತು.

ಸಂತೆಗೆ ಬಂದವರು ಅಲ್ಲೇ ಜೋಪಡಿ ಹಾಕಿ ಉಳಿದರೆ ಅಂಥವರನ್ನು, ಅಥವಾ ಆ ಜಾಗವನ್ನು, ನಿಮ್ಮ ಸೀಮೆಯಲ್ಲಿ ಒಂದೇ ಮಾತಿನಲ್ಲಿ ಏನೆನ್ನುತ್ತೀರಿ? ತೀರ್ಥಹಳ್ಳಿ, ಶೃಂಗೇರಿ ಕಡೆಯವರು, ಹಾಗೆಯೇ ಬಯಲುಸೀಮೆಯವರೂ ತಿಳಿಸಿದರೆ ಉಪಕಾರ. ಪುಟವನ್ನು ಈ ತಿಂಗಳ ಕೊನೆಗೆ ಅಚ್ಚಿಗೆ ಕೊಡಬೇಕು.