ಪದ ಬೇಕಿತ್ತು: ತಾಳ ಕೇಳಿಸಿ ನಡೆಸುವುದಕ್ಕೆ ಏನನ್ನೋಣ?

ಕುವೆಂಪುನಗರ, ಮೈಸೂರು:

ಬಳಗದವರಿಗೆ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಒಂದು ಬೋರ್ಡಿಗೂ, ರೋಗಿಗಳ ಮನೆಯವರಿಗೆ ಕೊಡುವ ಒಂದು ಹಾಳೆಗೂ ಪದ ಬೇಕು. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ, ಸ್ವಲ್ಪ ಅವಸರ.

ಇಂಗ್ಲಿಷಿನಲ್ಲಿ 'ರಿದಮಿಕ್ ಆಡಿಟರಿ ಸ್ಟಿಮ್ಯುಲೇಶನ್' ಅನ್ನುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೈಕೆಲ್ ಥೌಟ್ ಮತ್ತು ಜೊತೆಯವರು ಬೆಳೆಸಿದ ಪದ್ಧತಿ. ಪಾರ್ಕಿನ್ಸನ್ ಇರುವವರಿಗೆ, ಸ್ಟ್ರೋಕ್ ಆದವರಿಗೆ ಒಂದೇ ಸಮನೆ ಬೀಳುವ ಬಡಿತವನ್ನೋ, ಬಡಿತ ಎದ್ದು ಕೇಳುವ ಹಾಡನ್ನೋ ಹಾಕಿ, ಅದಕ್ಕೆ ಸರಿಯಾಗಿ ಕಾಲಿಡಿಸುವುದು. ಪಾರ್ಕಿನ್ಸನ್ ಬಂದಾಗ ಹೆಜ್ಜೆಗೆ ಹೊತ್ತು ಹಿಡಿದುಕೊಡುವ ಮಿದುಳಿನ ಭಾಗ ಸೊರಗುತ್ತೆ. ಹೊರಗಿನಿಂದ ಸದ್ದು ಸಿಕ್ಕರೆ ಕಾಲು ಅದನ್ನೇ ಹಿಡಿದುಕೊಂಡು ಏಳುತ್ತೆ.

'ಸಂಗೀತ ಚಿಕಿತ್ಸೆ' ದಯವಿಟ್ಟು ಬೇಡ. ಹಾಗೆ ಬರೆಸಿದರೆ ಯಾವ ರಾಗಕ್ಕೆ ಯಾವ ಕಾಯಿಲೆ ವಾಸಿ ಅಂತ ಕೇಳಿಕೊಂಡು ಬರುತ್ತಾರೆ. ಇಲ್ಲಿ ರಾಗಕ್ಕೆ ಅಷ್ಟು ಕೆಲಸ ಇಲ್ಲ.

ಇನ್ನೊಂದು, 'ಫ್ರೀಜಿಂಗ್'. ಬಾಗಿಲು ದಾಟುವಾಗ, ತಿರುಗುವಾಗ ಕಾಲು ಇದ್ದಲ್ಲೇ ನಿಂತುಬಿಡುತ್ತಲ್ಲ, ಅದು.

ಸರಸ್ವತಿಪುರಂ, ಮೈಸೂರು:

'ಲಯಾಧಾರಿತ ಶ್ರವಣ ಪ್ರಚೋದನೆ'. ಫ್ರೀಜಿಂಗ್‌ಗೆ 'ಗತಿಸ್ತಂಭನ'. ಇದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ.

ಹೂಟಗಳ್ಳಿ, ಮೈಸೂರು:

ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕು ಅಂತ ಆಟೋದವರಿಗೆ ಹೇಳಿ ನೋಡಿ. 'ಓ, ಸ್ಪೀಚ್ ಅಂಡ್ ಹಿಯರಿಂಗಾ ಸಾರ್' ಅಂತಾರೆ. ಸಂಸ್ಕೃತದಲ್ಲಿ ಉದ್ದುದ್ದ ಕಟ್ಟಿದಷ್ಟೂ ಜನ ಇಂಗ್ಲಿಷಿಗೇ ಓಡುತ್ತಾರೆ.

ನಮ್ಮದೇ 'ನಡೆ' ಇದೆ. ತಮಿಳಿನಲ್ಲಿ ನಡೈ, ತೆಲುಗಿನಲ್ಲಿ ನಡ. ಅಪ್ಪಟ ದ್ರಾವಿಡ ಬೇರು. ಸಂಗೀತದವರೂ ತಿಶ್ರನಡೆ, ಖಂಡನಡೆ ಅಂತಾರೆ. ಕಾಲಿನ ನಡೆ, ತಾಳದ ನಡೆ ಎರಡೂ ಒಂದೇ ಪದದಲ್ಲಿ ಬಂದಾಯ್ತು. 'ಬಡಿತನಡೆ' ಅಂತ ಬರೆಸಿ. 'ಲಯ' ಮಾತ್ರ ಬೇಡ. ಲಯ ಶಿವನ ಕೆಲಸ, ಆಸ್ಪತ್ರೆ ಬೋರ್ಡಿನಲ್ಲಿ ಯಾಕೆ?

ಅಗ್ರಹಾರ, ಮೈಸೂರು:

ಮೃದಂಗ ಬಾರಿಸುವವನಾಗಿ ಒಂದು ಮಾತು. ನಡೆ ಅಂದರೆ ವೇಗ ಅಲ್ಲ. ಒಂದು ಎಣಿಕೆಯೊಳಗೆ ಎಷ್ಟು ಮಾತ್ರೆ, ಅಂದರೆ ಸಮನಾದ ಸಣ್ಣ ತುಂಡು, ಹಿಡಿಸುತ್ತೀರಿ ಅನ್ನುವುದು ನಡೆ. ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5. ಮೇಡಂ ಹೆಚ್ಚುಕಮ್ಮಿ ಮಾಡುವುದು ಕಾಲಪ್ರಮಾಣವನ್ನು, ಅಂದರೆ ಎಣಿಕೆಯ ವೇಗವನ್ನು, ಅಲ್ವಾ?

ಹಾಡು ಹಾಕುವುದಾದರೆ ಸಿಕ್ಕಿದ ತಾಳದ್ದು ಹಾಕಬೇಡಿ. ಮಿಶ್ರಛಾಪು 7 ಎಣಿಕೆ. ತಾಳದ ಒಂದು ಸುತ್ತಿನಲ್ಲಿ ಸಮ, ಅಂದರೆ ಮೊದಲ ಎಣಿಕೆ, ಎಡಗಾಲಿಗೆ ಬಿದ್ದರೆ ಮುಂದಿನದರಲ್ಲಿ ಬಲಗಾಲಿಗೆ ಬೀಳುತ್ತೆ. ಚೆನ್ನಾಗಿರುವ ಕಾಲಿನವರೇ ತಡವರಿಸುತ್ತಾರೆ. ಆದಿತಾಳದ 8ಕ್ಕೆ ಆ ತೊಂದರೆ ಇಲ್ಲ, ಪ್ರತಿ ಸಲವೂ ಅದೇ ಕಾಲು.

ಮಂಡ್ಯ:

ನಮ್ಮ ಕಡೆ ತಮಟೆಯವರು 'ಗತ್ತು' ಅಂತಾರೆ. 'ಗತ್ತಿನ ನಡಿಗೆ' ಆಗಲ್ವಾ?

ಹೂಟಗಳ್ಳಿ:

ಗತ್ತಿನ ನಡಿಗೆ ಅಂದರೆ ಮೀಸೆ ತಿರುವಿಕೊಂಡು ನಡೆಯುವುದು. ಆಗಲ್ಲ.

ಕುವೆಂಪುನಗರ:

ಕಾಲಪ್ರಮಾಣ ಅಂದಿರಲ್ಲ ಸಾರ್, ಅದೇ ವಿಷಯ. ಮೊದಲು ರೋಗಿಯನ್ನು ಅವರ ಪಾಡಿಗೆ ನಡೆಯಲು ಬಿಟ್ಟು ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸುತ್ತೇವೆ. 80 ಬಂದರೆ ಮೆಟ್ರೊನೋಮ್, ಅಂದರೆ ಸಮನಾಗಿ ಟಿಕ್ ಟಿಕ್ ಅನ್ನುವ ಯಂತ್ರ, ಕೂಡ 80ಕ್ಕೇ. ಹೆಜ್ಜೆ ಹೊಂದಿಕೊಂಡ ಮೇಲೆ ನೂರಕ್ಕೆ 5ರಿಂದ 10ರಷ್ಟು ಏರಿಸುವುದು, ಅಂದರೆ 84ರಿಂದ 88. ಫ್ರೀಜಿಂಗ್ ಇರುವವರಿಗೆ ಏರಿಸಲು ಹೋಗಲ್ಲ, ಕೆಲವರಿಗೆ ಇಳಿಸಬೇಕಾಗುತ್ತೆ. ತಮಟೆ ನನಗೂ ಇಷ್ಟವೇ. ಆದರೆ ಬಾರಿಸುತ್ತಾ ಬಾರಿಸುತ್ತಾ ಅದು ಏರಿಬಿಡುತ್ತೆ.

ಮೊನ್ನೆ ಪಾಂಡವಪುರ ಕಡೆಯ ಒಬ್ಬ ಅಜ್ಜ ನಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಮಗ ತೋಳು ಹಿಡಿದು ಎಳೆಯುತ್ತಿದ್ದ. ಎಳೀಬೇಡಿ ಅಂತ ಹೇಳಿ, ಮೇಜು ತಟ್ಟುತ್ತಾ ಎಣಿಸಿದೆ. ನಾಲ್ಕನೇ ಏಟಿಗೆ ಹಿಮ್ಮಡಿ ಎದ್ದಿತು. 'ಮೊಳೆ ಹೊಡ್ದಂಗೆ ಕಚ್ಕೋತದೆ ಕಣವ್ವ ಕಾಲು. ತಾಳ ಹಾಕುದ್ರೆ ಬತ್ತದೆ' ಅಂದರು. ಹಾಗಾಗಿ ಫ್ರೀಜಿಂಗ್‌ಗೆ 'ಕಾಲು ಕಚ್ಚಿಕೊಳ್ಳುವುದು' ಅಂತ ಇಟ್ಟುಕೊಂಡರೆ ಹೇಗೆ?

ಸರಸ್ವತಿಪುರಂ:

ಕಾಲು ಕಚ್ಚುವುದು ನಾಯಿ.

ಮಂಡ್ಯ:

ಕಚ್ಚುವುದು ಬೇರೆ, ಕಚ್ಚಿಕೊಳ್ಳುವುದು ಬೇರೆ ಸಾರ್. ತುಕ್ಕು ಹಿಡಿದ ಬೋಲ್ಟು ಕಚ್ಚಿಕೊಳ್ಳುತ್ತೆ. ಅದನ್ನು ನಾಯಿ ಅಂತೀರಾ?

ಹೂಟಗಳ್ಳಿ:

'ಕಾಲು ಕಚ್ಚಿಕೊಳ್ಳುವುದು' ಚೆನ್ನಾಗಿದೆ. ಹಾಗೇ ಹಾಳೆಯಲ್ಲಿ 'ಸ್ಟ್ರೋಕ್' ತೆಗೆದು 'ಲಕ್ವ' ಹಾಕಿ. ಎಲ್ಲರಿಗೂ ಗೊತ್ತಿರೋ ಪದ.

ಸರಸ್ವತಿಪುರಂ:

ಲಕ್ವ ಅರಬ್ಬಿಯಿಂದ ಬಂದಿದ್ದು ಸ್ವಾಮಿ. ಅಲ್ಲಿ ಮುಖ ಸೊಟ್ಟಗಾಗುವುದಕ್ಕೆ ಆ ಹೆಸರು. ಸಂಸ್ಕೃತ ಬಂದರೆ ಬಾಗಿಲು ಹಾಕುತ್ತೀರಿ, ಅರಬ್ಬಿ ಬಂದರೆ ಎಲೆ ಹಾಕುತ್ತೀರಿ. 'ಪಾರ್ಶ್ವವಾಯು' ಇರುವಾಗ ಇದೆಲ್ಲ ಯಾಕೆ? ಭಾಷಾವಿಜ್ಞಾನಿ ಶಂಕರ ಭಟ್ಟರು ಖ, ಘದಂಥ ಮಹಾಪ್ರಾಣ ಅಕ್ಷರ ಬಿಡಿ ಅಂದಾಗಿನಿಂದ ನಿಮಗೆಲ್ಲ ಇದೇ ಆಯ್ತು.

ಹೂಟಗಳ್ಳಿ:

ಸ್ಟ್ರೋಕ್ ಆಗುವುದು ಮಿದುಳಿನ ರಕ್ತನಾಳ ಕಟ್ಟಿಕೊಂಡು, ಇಲ್ಲಾ ಒಡೆದು. ವಾಯುವಿಗೆ ಅಲ್ಲೇನು ಕೆಲಸ? ಅರಬ್ಬಿಯವರು ನಮ್ಮ ಮೇಲೆ ವ್ಯಾಕರಣ ಹೇರಲಿಲ್ಲ. ಪದ ಕೊಟ್ಟರು, ಹೋದರು. ವಕೀಲ, ತಾರೀಖು ಇವನ್ನೂ ವಾಪಸ್ ಕಳಿಸುತ್ತೀರಾ?

ಸರಸ್ವತಿಪುರಂ:

'ರಕ್ತನಾಳ' ಅಂದಿರಲ್ಲ, ಅದೂ ಸಂಸ್ಕೃತ. ನೆತ್ತರಿನ ಕೊಳವೆ ಅನ್ನಬೇಕಿತ್ತು.

ಅಗ್ರಹಾರ:

ಪಾರ್ಕಿನ್ಸನ್‌ಗೆ ಆಯುರ್ವೇದದವರು ಕಂಪವಾತ ಅಂತಾರೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಬರೆದಾಗ ಅವರೂ ಕೊಟ್ಟಿದ್ದು ನಡುಗುವ ಲಕ್ವ ಅನ್ನೋ ಅರ್ಥದ ಹೆಸರೇ. ಎಲ್ಲರೂ ಸಿಕ್ಕಿದ ಪದದಲ್ಲೇ ಕೆಲಸ ಸಾಗಿಸಿದ್ದಾರೆ. ಪಾಪ, ಆ ಮೇಡಂಗೆ ಬೋರ್ಡ್ ಬೇಕು.

ಕುವೆಂಪುನಗರ:

ನೀವು ಜಗಳ ಮುಂದುವರಿಸಿ. ಬೋರ್ಡಿಗೆ ದಪ್ಪಕ್ಷರದಲ್ಲಿ 'ತಾಳಕ್ಕೆ ಹೆಜ್ಜೆ', ಕೆಳಗೆ 'ನಡಿಗೆ ತರಬೇತಿ' ಅಂತ ಬರೆಸುತ್ತಿದ್ದೇನೆ. ಹಾಳೆಯಲ್ಲಿ 'ಕಾಲು ಕಚ್ಚಿಕೊಳ್ಳುವುದು' ಖಾಯಂ. ಸ್ಟ್ರೋಕ್, ಪಾರ್ಕಿನ್ಸನ್ ಹಾಗೇ ಇರಲಿ, ಅವರ ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದೂ ಅದೇ. ಉಳಿದಿದ್ದು 'ಕ್ಯೂ' ಒಂದೇ. ಕಾಲೆತ್ತಲು ಕೊಡುವ ಒಂದೊಂದು ಸದ್ದು. 'ಸೂಚನೆ' ಅಂದರೆ ನೋಟಿಸ್ ಅಂಟಿಸಿದ ಹಾಗಿರುತ್ತೆ. ಹಾಳೆ ಶುಕ್ರವಾರ ಅಚ್ಚಿಗೆ ಹೋಗುತ್ತೆ.

ಸರಸ್ವತಿಪುರಂ:

'ಸಂಕೇತ'.

ಹೂಟಗಳ್ಳಿ:

'ಏಟು'.

ಅಗ್ರಹಾರ:

ರೋಗಿಗೆ ನಿಮಿಷಕ್ಕೆ 80 ಏಟು ಅಂತ ಅಚ್ಚು ಹಾಕಿಸಿದರೆ ಯಾರು ಬರ್ತಾರೆ ಮೇಡಂ? ಸುಮ್ನೆ 'ತಟ್ಟು' ಅನ್ನಿ. ಪ್ರತಿ ತಟ್ಟಿಗೆ ಒಂದು ಹೆಜ್ಜೆ.