ಆಟಿಸಂ ಇರುವ ಹುಡುಗನಿಗೆ ನಾಯಿ: ತರುವ ಮುಂಚೆ ಏನೇನು ನೋಡಬೇಕು?

ಹೊಂಗೆನೆರಳು:
ಹುಡುಗನಿಗೆ 15 ವರ್ಷ, ಆಟಿಸಂ ಇದೆ. ಮಾತು ಕಡಿಮೆ, ಚಿತ್ರ ತೋರಿಸಿದರೆ ಬೇಗ ಅರ್ಥವಾಗುತ್ತದೆ. ಮಿಕ್ಸಿ, ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಗಾಬರಿಯಾದರೆ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾನೆ. ಮನೆ ಎರಡನೇ ಮಹಡಿಯ ಫ್ಲ್ಯಾಟು. ಮರಿ ತರುವುದೋ, ದೊಡ್ಡ ನಾಯಿಯೋ? ಅವನ ಮೈಮೇಲೆ ಒರಗಿ ಸಮಾಧಾನ ಮಾಡುವುದನ್ನು ನಾಯಿಗೆ ಮನೆಯಲ್ಲೇ ಕಲಿಸಬಹುದೇ?

ಕೆರೆದಂಡೆ:
ಮರಿ ಬೇಡ. ಸುಮಾರು ಆರು ತಿಂಗಳಿಗೆ ಹಲ್ಲು ಬದಲಾಗುವ ತನಕ ಅದು ಕೈಕಾಲು ಕಚ್ಚುತ್ತಲೇ ಇರುತ್ತದೆ, ರಾತ್ರಿ ಕುಂಯ್‌ಗುಡುತ್ತದೆ. ಅವನಿಗೆ ಸಹಿಸಲಾಗದ್ದು ಇದೇ. ಎರಡು-ಮೂರು ವರ್ಷದ, ಮನೆಯೊಳಗೆ ಇದ್ದು ರೂಢಿಯಾದ ಶಾಂತ ನಾಯಿ ನೋಡಿ. ಲ್ಯಾಬ್ರಡಾರೇ ಆಗಬೇಕಿಲ್ಲ, ನಮ್ಮ ನಾಟಿ ನಾಯಿಯೂ ಆಗುತ್ತದೆ. ಕಾಲಿಂಗ್ ಬೆಲ್ ಆದಾಗಲೆಲ್ಲ ಬೊಗಳುವ ನಾಯಿಯನ್ನು ಮಾತ್ರ ಬಿಟ್ಟುಬಿಡಿ. ತರುವ ಮೊದಲೇ ಬೊಗಳುವ ಸದ್ದನ್ನು ಫೋನಿನಲ್ಲಿ ತೀರಾ ಸಣ್ಣಗೆ ಕೇಳಿಸಿ, ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪ ಏರಿಸಿ. ಅದೇ ನಾಯಿಯನ್ನು ಮೂರ್ನಾಲ್ಕು ಸಲ ಹೋಗಿ ನೋಡಿದ ಮೇಲೆ ಮನೆಗೆ ಕರೆತನ್ನಿ.

ನಾಯಿಯಿಂದ ಆಟಿಸಂ ವಾಸಿಯಾಗುವುದಿಲ್ಲ, ಥೆರಪಿ ನಿಲ್ಲಿಸಬೇಡಿ. ಆದರೆ ನಾಯಿ ಕಣ್ಣಿಗೆ ಕಣ್ಣಿಟ್ಟು ಮಾತಾಡು ಎಂದು ಒತ್ತಾಯ ಮಾಡುವುದಿಲ್ಲ. "ಬಾ" ಅಂದರೆ ಬರುತ್ತದೆ. ಆಡಿದ ಒಂದೇ ಮಾತಿಗೆ ಫಲ ಅಲ್ಲೇ ಸಿಗುತ್ತದೆ. ದಿನಚರಿಗೂ ಅದೇ ಆಧಾರ. ಬಟ್ಟಲು, ಅಳತೆ ಲೋಟ, ನೀರು, ಬ್ರಷ್ ಹೀಗೆ ನಾಲ್ಕು ಚಿತ್ರ ಗೋಡೆಗೆ ಅಂಟಿಸಿ. ಲೋಟಕ್ಕೆ ಬಣ್ಣದ ಟೇಪ್ ಸುತ್ತಿದರೆ ಎಲ್ಲಿವರೆಗೆ ತುಂಬಬೇಕೆಂದು ಅವನಿಗೇ ಕಾಣುತ್ತದೆ. ಬ್ರಷ್ ಮಾಡುವುದು ಎಣಿಸಿ ಹತ್ತು ಸಲ. ಎಲ್ಲಿಗೆ ಮುಗಿಯಿತು ಎಂಬುದು ಅವನಿಗೆ ಗೊತ್ತಿರಬೇಕು.

ಮಳೆಬಿಲ್ಲು:
ಒರಗುವುದನ್ನು ಖಂಡಿತ ಕಲಿಸಬಹುದು. ಮೊದಲು ದೊಡ್ಡವರೊಬ್ಬರು ಕಾಲು ಚಾಚಿ ನೆಲದ ಮೇಲೆ ಕೂರಲಿ. ಕಡಲೆಕಾಳಿನಷ್ಟು ಬೇಯಿಸಿದ ಚಿಕನ್ ತುಂಡು, ಉಪ್ಪಿಲ್ಲದ್ದು, ತೊಡೆಯ ಆಚೆ ಬದಿಗೆ ಹಿಡಿಯಿರಿ. ನಾಯಿಯ ಗದ್ದ ತೊಡೆಗೆ ತಾಗಿದ ಕ್ಷಣವೇ ಕೊಡಿ. ತಪ್ಪದೆ ಗದ್ದ ಇಡಲು ಶುರುಮಾಡಿದ ಮೇಲೆ "ಒರಗು" ಎಂಬ ಪದ ಸೇರಿಸಿ. ಸಮಯ 2 ಸೆಕೆಂಡು, 5, 10, ಹೀಗೆ ಎರಡು ನಿಮಿಷದವರೆಗೆ. ದಿನಕ್ಕೆರಡು ಸಲ, ಐದೈದು ನಿಮಿಷದ ಅಭ್ಯಾಸ ಸಾಕು.

ಹೆಚ್ಚಿನವರು ಮರೆಯುವುದು "ಸಾಕು" ಎಂಬ ಪದವನ್ನು. ಅದಕ್ಕೆ ನಾಯಿ ತಕ್ಷಣ ಏಳಬೇಕು. ಇಲ್ಲದಿದ್ದರೆ ಭಾರ ತಾಳಲಾಗದೆ ಹುಡುಗನೇ ಗಾಬರಿಯಾಗುತ್ತಾನೆ.

ಹುಡುಗನ ಜೊತೆ ಶುರುಮಾಡುವುದು ಅವನು ಶಾಂತವಾಗಿರುವಾಗ. ಕಿರುಚಾಟದ ಹೊತ್ತಲ್ಲಿ ಮಾತ್ರ ನಾಯಿಯನ್ನು ಎಳೆತಂದರೆ, ಅವನ ದನಿ ಏರಿತೆಂದರೆ ತನ್ನನ್ನು ಹಿಡಿಯುತ್ತಾರೆ ಎಂದು ಅದು ಕಲಿತುಬಿಡುತ್ತದೆ. ಆಮೇಲೆ ಮಂಚದಡಿ ಸೇರಿದರೆ ಕರೆದರೂ ಬಾರದು.

ಹೊಂಗೆನೆರಳು:
ತುಂಬಾ ಉಪಯೋಗವಾಯಿತು. ಅವನು ರಸ್ತೆಗೆ ಓಡದಂತೆ ನಾಯಿಯ ಬೆಲ್ಟನ್ನು ಅವನ ಸೊಂಟಕ್ಕೆ ಕಟ್ಟಬಹುದೇ? ತಬ್ಬಿಕೊಂಡರೆ?

ಮಳೆಬಿಲ್ಲು:
ಕಟ್ಟಲೇಬೇಡಿ. ಬೆಕ್ಕು ಕಂಡರೆ ಸಾಕು, ಸಾಕುನಾಯಿ ಎಳೆದೇ ಎಳೆಯುತ್ತದೆ, ಹುಡುಗ ಮುಗ್ಗರಿಸುತ್ತಾನೆ. ಎರಡು ಹಗ್ಗ ಹಾಕಿ. ನಾಯಿಯ ಎದೆ ಸುತ್ತ ತೊಡಿಸುವ ಪಟ್ಟಿ, ಅಂದರೆ ಹಾರ್ನೆಸ್‌ಗೆ ಸಿಕ್ಕಿಸಿದ ಮುಖ್ಯ ಹಗ್ಗ ದೊಡ್ಡವರ ಕೈಲಿ, ಸಡಿಲವಾದ ಇನ್ನೊಂದು ಅವನ ಕೈಲಿ. ಅವನು ಬಿಟ್ಟರೂ ನಾಯಿ ತಪ್ಪಿಸಿಕೊಳ್ಳಬಾರದು. ಅವನನ್ನು ನೋಡಿಕೊಳ್ಳಲು ಇನ್ನೊಬ್ಬರು ಇದ್ದೇ ಇರಬೇಕು.

ಹಸಿರುಬಾಗಿಲು:
ತಬ್ಬುವುದು ಹೆಚ್ಚಿನ ನಾಯಿಗಳಿಗೆ ಹಿತವಲ್ಲ. ಬಿಗಿಯಾಗಿ ಹಿಡಿಯುವ ಹುಡುಗನಾದ್ದರಿಂದ ಇದನ್ನೇ ಮೊದಲು ಕಲಿಸಿ: ಗದ್ದದ ಕೆಳಗೆ ಮೂರು ಸಲ ಸವರಿ ಕೈ ತೆಗೆಯುವುದು. ನಾಯಿ ಮತ್ತೆ ಹತ್ತಿರ ಬಂದರಷ್ಟೇ ಮುಂದುವರಿಸುವುದು. ಬಿಗಿ ಹಿಡಿತಕ್ಕೆ ದಿಂಬು ಕೊಡಿ. ನಿದ್ದೆ ಬಾರದಿದ್ದರೂ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು, ಮೈ ಬಿಗಿಯಾಗುವುದು, ಇವೆಲ್ಲ "ಬಿಡು" ಎಂಬ ಸೂಚನೆ. ಗುರ್ರೆಂದರೆ ಗದರಬೇಡಿ. ಎಚ್ಚರಿಕೆ ಕೊಡುವುದನ್ನು ಅದು ನಿಲ್ಲಿಸಿದರೆ ಮುಂದಿನ ಸಲ ನೇರ ಕಚ್ಚಬಹುದು. ನಾಯಿ ಮಲಗುವ ಮೂಲೆಯ ಸುತ್ತ ನೆಲಕ್ಕೆ ಟೇಪ್ ಅಂಟಿಸಿ, ಆ ಗೆರೆ ದಾಟದಂತೆ ರೂಢಿ ಮಾಡಿಸಿ. ಇಬ್ಬರನ್ನೇ ಬಿಟ್ಟು ಹೋಗಬೇಡಿ.

ರೇಬಿಸ್ ಲಸಿಕೆ ಪ್ರತಿವರ್ಷ ತಪ್ಪಬಾರದು. ಹಾಗಿದ್ದೂ ಹಲ್ಲು ತಾಗಿದರೆ, ಉಗುರು ಗೀರಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಇಂಥ ಮಕ್ಕಳು ನೋವನ್ನು ಹೇಳದೇ ಇರಬಹುದು, ಹಾಗಾಗಿ ಸಂಜೆ ಸ್ನಾನದ ಹೊತ್ತಿಗೆ ಕೈಕಾಲು ನೋಡಿ. ತಟ್ಟೆಯಿಂದ ನಾಯಿಗೆ ತಿನ್ನಿಸುವ ಅಭ್ಯಾಸವೂ ಬೇಡ. ಕೇಸರಿಬಾತಿನ ಒಣದ್ರಾಕ್ಷಿ, ಹುಳಿಯ ಈರುಳ್ಳಿ, ಚಾಕೊಲೇಟ್ ಎಲ್ಲವೂ ನಾಯಿಗೆ ವಿಷ.

ದೀಪಾವಳಿ ಪಟಾಕಿಗೆ ಇಬ್ಬರೂ ಹೆದರುತ್ತಾರೆ. ಆ ರಾತ್ರಿಗಳಲ್ಲಿ ಒರಗುವ ಪಾಠ ನಡೆಯದು. ಹುಡುಗನಿಗೆ ಹೆಡ್‌ಫೋನ್ ಹಾಕಿ ಒಂದು ಕೋಣೆ, ಕಿಟಕಿ ಮುಚ್ಚಿ ಫ್ಯಾನ್ ಹಾಕಿ ನಾಯಿಗೆ ಇನ್ನೊಂದು.