2020ರ ಕ್ರೆಡಿಟ್ ಕಾರ್ಡ್ ಬಾಕಿ ಈಗ ಕಲೆಕ್ಷನ್‌ನಲ್ಲಿದೆ, ಅಂದರೆ ಸಾಲ ವಸೂಲಿ ಕಂಪನಿಯ ಕೈಯಲ್ಲಿದೆ. 50 ಡಾಲರ್ ಕಟ್ಟಿಬಿಡಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈ ವಿಷಯ ಗಂಡನಿಗೆ ಬಿಟ್ಟು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

2015ರಲ್ಲಿ ಎಂಎಸ್ ಓದಲು ನ್ಯೂಜೆರ್ಸಿಗೆ ಬಂದೆ. ಆಮೇಲೆ ಇಲ್ಲೇ ಕೆಲಸ. 2019ರ ಕೊನೆಯಲ್ಲಿ ಕೆಲಸ ಹೋಯಿತು. 2020ರ ಜನವರಿಯಲ್ಲಿ ಎರಡು ಸೂಟ್‌ಕೇಸ್ ಹಿಡಿದು ಊರಿಗೆ ಹೊರಟೆ. ಎರಡು ಕ್ರೆಡಿಟ್ ಕಾರ್ಡ್ ಬಾಕಿ ಹಾಗೇ ಉಳಿಯಿತು. ಒಂದರಲ್ಲಿ 2,300 ಡಾಲರ್, ಇನ್ನೊಂದರಲ್ಲಿ 900. ಒಮ್ಮೆ ರಾತ್ರಿ ಎಮರ್ಜೆನ್ಸಿಗೆ ಹೋಗಿದ್ದ ಆಸ್ಪತ್ರೆ ಬಿಲ್ 380. ಊರಲ್ಲಿ ಕೆಲಸ ಸಿಕ್ಕ ಮೇಲೆ ಕಟ್ಟೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಕೋವಿಡ್ ಬಂತು. ಅಪ್ಪನ ಚಿಕಿತ್ಸೆಗೆ ಇದ್ದದ್ದೆಲ್ಲ ಹೋಯಿತು. ಫೆಬ್ರವರಿ ಕಂತಿನಿಂದ ಒಂದೂ ಕಟ್ಟಲಿಲ್ಲ.

ಈ ವರ್ಷ, 2025ರ ಆಗಸ್ಟ್‌ನಲ್ಲಿ, ಗಂಡನ ಕೆಲಸದ ಮೇಲೆ ಮತ್ತೆ ಇಲ್ಲಿಗೇ ಬಂದೆವು. ಮೊದಲು ನೋಡಿದ ಅಪಾರ್ಟ್‌ಮೆಂಟಿನವರು ನನ್ನ ಕ್ರೆಡಿಟ್ ರಿಪೋರ್ಟ್ (ಸಾಲ ಕಟ್ಟಿದ್ದು, ತಪ್ಪಿಸಿದ್ದರ ದಾಖಲೆ) ನೋಡಿ ಬೇಡ ಅಂದರು. ಹೊಸ ವಿಳಾಸಕ್ಕೆ ಬಂದು ತಿಂಗಳಾಗಿಲ್ಲ, ಫೋನ್ ಶುರು. 2,300ರ ಸಾಲವನ್ನು ನಾನು ಹೆಸರೇ ಕೇಳದ ಒಂದು ಕಂಪನಿ ಕೊಂಡುಕೊಂಡಿದೆಯಂತೆ. ಈಗ 2,900 ಅನ್ನುತ್ತಾರೆ. "ಇವತ್ತು 50 ಡಾಲರ್ ಕಟ್ಟಿ, ನಿಮ್ಮ ಒಳ್ಳೆ ಮನಸ್ಸು ತೋರಿಸಿ" ಅಂತ ದಿನಾ ಒತ್ತಾಯ. ಬೇರೆ ರಾಜ್ಯದಲ್ಲಿರುವ ನನ್ನ ಭಾವನಿಗೂ ಫೋನ್ ಮಾಡಿ ಸಾಲದ ವಿಷಯ ಹೇಳಿದ್ದಾರೆ. ಆ ದಿನ ಊಟ ಸೇರಲಿಲ್ಲ ನನಗೆ.

ರಿಪೋರ್ಟ್‌ನಲ್ಲಿ ಈ ಖಾತೆ ತೆರೆದದ್ದು 2023 ಅಂತಿದೆ. ಹಾಗಾದರೆ ಕಟ್ಟದ ಸಾಲ ರಿಪೋರ್ಟ್‌ನಲ್ಲಿ 7 ವರ್ಷ ಇರುತ್ತದೆ ಅನ್ನುವುದು 2023ರಿಂದ ಲೆಕ್ಕವಾ? ಆ ದುಡ್ಡು ನಾನೇ ಖರ್ಚು ಮಾಡಿದ್ದು, ಕೊಡಲ್ಲ ಅನ್ನುತ್ತಿಲ್ಲ. ಎಲ್ಲಿಂದ ಶುರು ಮಾಡಲಿ? 12 ದಿನದ ಹಿಂದೆ ಅವರಿಂದ ಒಂದು ಪತ್ರವೂ ಬಂದಿದೆ.

ಉತ್ತರ 1

ನನ್ನ ಅಭಿಪ್ರಾಯ: ದುಡ್ಡಿದ್ದರೆ ಮೂರನ್ನೂ ಕಟ್ಟಿ ಮುಗಿಸಿ. ನಾನು ಹಾಗೇ ಮಾಡಿದೆ, ನಿದ್ದೆ ಬಂತು. ಆದರೆ ಕ್ರೆಡಿಟ್ ಸ್ಕೋರ್ (ಆ ರಿಪೋರ್ಟ್ ನೋಡಿ ಕೊಡುವ ಅಂಕ) ತಕ್ಷಣ ಏರುತ್ತದೆ ಅಂದುಕೊಳ್ಳಬೇಡಿ. ನನ್ನದು ತಿಂಗಳುಗಟ್ಟಲೆ ಅಲ್ಲೇ ಇತ್ತು.

ಉತ್ತರ 2

ಅಮ್ಮಾ, ದಯವಿಟ್ಟು ಆ 50 ಡಾಲರ್ ಇವತ್ತು ಕಟ್ಟಬೇಡಿ. ಇದನ್ನು ಓದಿ, ಆಮೇಲೆ ನಿರ್ಧಾರ ಮಾಡಿ.

ನಾನೂ ನ್ಯೂಜೆರ್ಸಿಯವನೇ. ಕೆಲವು ವರ್ಷದ ಹಿಂದೆ ನನಗೂ ಇಂಥದ್ದೇ ಫೋನ್ ಬಂದಿತ್ತು. ಹಳೇ ಸಾಲ, ನಾಚಿಕೆ ಬೇರೆ. ಫೋನಲ್ಲೇ ಡೆಬಿಟ್ ಕಾರ್ಡ್ ನಂಬರ್ ಕೊಟ್ಟು 50 ಡಾಲರ್ ಕಟ್ಟಿದೆ. ಅವರು ಕೇಸ್ ಹಾಕಲು ಇದ್ದ, ಇನ್ನು ಕೆಲವೇ ತಿಂಗಳಲ್ಲಿ ಮುಗಿಯಬೇಕಿದ್ದ ಕೋರ್ಟ್ ಗಡುವು ಆ ಒಂದು ಕಂತಿನಿಂದ ಮತ್ತೆ ಮೊದಲಿನಿಂದ ಶುರುವಾಯಿತು. ಮುಂದಿನ ವರ್ಷ ಕೇಸ್ ಹಾಕಿದರು. ಯಾರಾದರೂ ಒಬ್ಬರು ಮೊದಲೇ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇಲ್ಲಿ ಎರಡು ಗಡಿಯಾರ ಓಡುತ್ತಿವೆ. ಎರಡನ್ನೂ ಒಂದೇ ಅಂದುಕೊಂಡರೆ ಎಡವುತ್ತೀರಿ.

ಒಂದು ರಿಪೋರ್ಟ್‌ನದು. ನೀವು ಮೊದಲ ಸಲ ಕಂತು ತಪ್ಪಿಸಿ ಮತ್ತೆ ಸರಿಮಾಡದೇ ಬಿಟ್ಟ ದಿನ ಯಾವುದೋ ಅದೇ ಮುಖ್ಯ, ಅಂದರೆ ನಿಮ್ಮದು 2020ರ ಫೆಬ್ರವರಿ. ಸಾಲ ಎಷ್ಟು ಕೈ ಬದಲಾದರೂ ಆ ತಾರೀಕು ಬದಲಾಗಬಾರದು. ಅಲ್ಲಿಂದ ಸುಮಾರು 7 ವರ್ಷ. ಕಾನೂನು ಇನ್ನೂ 180 ದಿನ ಸೇರಿಸಲು ಬಿಡುತ್ತದೆ. ಹಾಗಾಗಿ 2027ರಲ್ಲಿ ಅದು ಹೋಗಲೇಬೇಕು, ನೀವು ಕಟ್ಟಿದರೂ ಕಟ್ಟದಿದ್ದರೂ. 2023 ಅಂತ ಕಾಣುವುದು ಆ ಕಂಪನಿ ಸಾಲ ಕೊಂಡ ತಾರೀಕು ಇರಬೇಕು. ಈ ರಿಪೋರ್ಟ್ ಇಡುವ ಮೂರೂ ಬ್ಯೂರೋಗಳ, ಅಂದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ರಿಪೋರ್ಟ್ ತೆಗೆಸಿ. ಆನ್ಯುವಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಉಚಿತ. ಮೊದಲ ತಪ್ಪಿನ ತಾರೀಕನ್ನೇ ಮುಂದಕ್ಕೆ ತಳ್ಳಿದ್ದರೆ ಡಿಸ್ಪ್ಯೂಟ್ ಹಾಕಿ, ಅಂದರೆ ಅದು ತಪ್ಪು ಅಂತ ಬ್ಯೂರೋಗೆ ತಕರಾರು ಕೊಡಿ.

ಇನ್ನೊಂದು ಕೋರ್ಟಿನದು. ನಿಮ್ಮ ಮೇಲೆ ಕೇಸ್ ಹಾಕಲು ಇರುವ ಗಡುವು. ಇದು ರಾಜ್ಯಕ್ಕೊಂದು ಥರ. ನ್ಯೂಜೆರ್ಸಿಯಲ್ಲಿ ಇಂಥ ಸಾಲಕ್ಕೆ ಸಾಮಾನ್ಯವಾಗಿ 6 ವರ್ಷ, ಟೆಕ್ಸಾಸ್‌ನಲ್ಲಿ 4. ನಿಮ್ಮ ಲೆಕ್ಕದಲ್ಲಿ 6 ವರ್ಷ ಮುಗಿಯುವುದು ಮುಂದಿನ ಫೆಬ್ರವರಿ ಹೊತ್ತಿಗೆ. ಈಗ ನವೆಂಬರ್. ಅವರು ದಿನಾ ಯಾಕೆ ಫೋನ್ ಮಾಡುತ್ತಾರೆ ಅಂತ ಗೊತ್ತಾಯಿತಲ್ವಾ? ಚೂರು ದುಡ್ಡು ಕಟ್ಟಿದರೂ, ಕೆಲವು ಕಡೆ "ಹೌದು, ಇದು ನನ್ನ ಸಾಲ" ಅಂತ ಬರೆದುಕೊಟ್ಟರೂ, ಆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗಬಹುದು.

ಒಂದು ಎಚ್ಚರ. ನೀವು ಐದು ವರ್ಷ ದೇಶದಲ್ಲೇ ಇರಲಿಲ್ಲ. ಕೆಲವು ರಾಜ್ಯಗಳಲ್ಲಿ ಹೊರಗಿದ್ದ ಕಾಲಕ್ಕೆ ಗಡಿಯಾರ ನಿಲ್ಲಬಹುದು. ಕಾರ್ಡಿನ ಒಪ್ಪಂದದಲ್ಲಿ ಬೇರೆ ರಾಜ್ಯದ ಕಾನೂನು ಅಂತ ಬರೆದಿರುವುದೂ ಉಂಟು. ಆದ್ದರಿಂದ ಫೆಬ್ರವರಿ ಆದರೆ ಮುಗಿಯಿತು ಅಂತ ಕೂರಬೇಡಿ. ಲೀಗಲ್ ಏಡ್ (ಉಚಿತ ಕಾನೂನು ನೆರವು) ಕೊಡುವವರನ್ನೋ ಗ್ರಾಹಕರ ಕೇಸ್ ನೋಡುವ ವಕೀಲರನ್ನೋ ಒಂದು ಸಲ ಕೇಳಿ.

ಈಗ ಆ ಪತ್ರ. ಅದು ಕೈಗೆ ಬಂದು 30 ದಿನದೊಳಗೆ ನೀವು ಬರವಣಿಗೆಯಲ್ಲಿ ಪ್ರಶ್ನಿಸಿದರೆ, ದಾಖಲೆ ತೋರಿಸುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ನಿಮಗೆ 18 ದಿನ ಇದೆ. ಮೂಲ ಬ್ಯಾಂಕ್ ಯಾವುದು, 2,300 ಹೇಗೆ 2,900 ಆಯಿತು, ಸಾಲ ಆ ಕಂಪನಿಯದಾಯಿತು ಅನ್ನುವುದಕ್ಕೆ ಕಾಗದ ಏನಿದೆ, ಇಷ್ಟನ್ನು ಕೇಳಿ. ಸಾಲ ಒಪ್ಪಿಕೊಳ್ಳುವ ಒಂದು ಮಾತೂ ಬೇಡ. ಸರ್ಟಿಫೈಡ್ ಮೇಲ್‌ನಲ್ಲಿ ರಿಟರ್ನ್ ರಸೀದಿ ಸಮೇತ ಕಳಿಸಿ.

ಭಾವನಿಗೆ ಹೇಳಿದ್ದು ತಪ್ಪು. ನಿಮ್ಮ ವಿಳಾಸ, ಫೋನ್ ನಂಬರ್, ಕೆಲಸದ ಜಾಗ ಕೇಳಬಹುದು ಅಷ್ಟೇ. ಸಾಲದ ಸುದ್ದಿ ಹೇಳುವ ಹಾಗಿಲ್ಲ. 1977ರ ವಸೂಲಿ ಕಾನೂನಿನಲ್ಲೇ ಅದಿದೆ. ಭಾವನ ಹತ್ತಿರ ಫೋನ್ ಬಂದ ದಿನ, ಸಮಯ ಬರೆಸಿಟ್ಟುಕೊಳ್ಳಿ. ನಿಮಗೆ ಬರುವ ಫೋನನ್ನೂ ಬರೆದಿಡಿ. ಒಂದು ಸಾಲಕ್ಕೆ 7 ದಿನದಲ್ಲಿ 7ಕ್ಕಿಂತ ಜಾಸ್ತಿ ಸಲ ಮಾಡಿದರೆ ಕಿರುಕುಳ ಅಂತ 2021ರ ನಿಯಮ ಹಿಡಿಯುತ್ತದೆ. ದೂರು ಕೊಡಲು ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇದೆ.

ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ಸುಮ್ನೆ ಇರಬೇಡಿ. ಗಡುವು ಮುಗಿದಿದ್ದರೂ ಅದನ್ನು ನೀವೇ ಹೋಗಿ ಹೇಳಬೇಕು. ಹೇಳದಿದ್ದರೆ ಅವರ ಪರ ತೀರ್ಪಾಗುತ್ತದೆ, ಸಂಬಳಕ್ಕೇ ಕೈ ಹಾಕಬಹುದು.

ಉತ್ತರ 3

ಮೇಲಿನವರು ಹೇಳಿದ್ದು ಸರಿ. ನಾನು ಎರಡು ಸೇರಿಸುತ್ತೇನೆ.

ಆಸ್ಪತ್ರೆ ಬಿಲ್ ನಿಮ್ಮ ರಿಪೋರ್ಟ್‌ನಲ್ಲಿ ಇರಲಾರದು. 2023ರ ಏಪ್ರಿಲ್‌ನಿಂದ 500 ಡಾಲರಿಗಿಂತ ಕಡಿಮೆ ಇರುವ ಆಸ್ಪತ್ರೆ ಬಾಕಿಯನ್ನು ಮೂರೂ ಬ್ಯೂರೋಗಳು ತೆಗೆದುಹಾಕಿವೆ. ಇದ್ದರೆ ಡಿಸ್ಪ್ಯೂಟ್ ಮಾಡಿ.

ಕಡಿಮೆಗೆ ಸೆಟಲ್ ಮಾಡಿದರೆ ತೆರಿಗೆ ನೆನಪಿರಲಿ. ನನಗೆ 1,600 ಡಾಲರ್ ಬಿಟ್ಟುಕೊಟ್ಟರು ಅಂತ ಖುಷಿಪಟ್ಟೆ. ಜನವರಿಯಲ್ಲಿ 1099-ಸಿ ಫಾರಂ ಬಂತು. 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬಿಟ್ಟರೆ ಆ ಫಾರಂ ಕಳಿಸುತ್ತಾರೆ, ಅದು ನಿಮ್ಮ ಆದಾಯಕ್ಕೆ ಸೇರುತ್ತದೆ. ಆಗ ನಿಮ್ಮ ಆಸ್ತಿಗಿಂತ ಸಾಲವೇ ಜಾಸ್ತಿ ಇದ್ದರೆ ವಿನಾಯಿತಿ ಇದೆ, ಫಾರಂ 982 ತುಂಬಬೇಕು. ಒಪ್ಪಂದ ಕಾಗದದಲ್ಲಿ ಕೈಗೆ ಬರುವವರೆಗೆ ಒಂದು ಸೆಂಟೂ ಕೊಡಬೇಡಿ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದ. ರಾತ್ರಿ ಕೂತು ಮೂರೂ ರಿಪೋರ್ಟ್ ನೋಡಿದೆ. ಮೊದಲ ತಪ್ಪಿನ ತಾರೀಕು 2020ರ ಫೆಬ್ರವರಿ ಅಂತಲೇ ಇದೆ. ಆಸ್ಪತ್ರೆ ಬಿಲ್ ಇಲ್ಲ. 900ರ ಕಾರ್ಡ್ ಮಾತ್ರ ಇನ್ನೂ ಬ್ಯಾಂಕಿನ ಹತ್ತಿರವೇ ಇದೆ, ಚಾರ್ಜ್ ಆಫ್ ಅಂತ, ಅಂದರೆ ಬ್ಯಾಂಕು ಅದನ್ನು ನಷ್ಟ ಅಂತ ಬರೆದುಕೊಂಡಿದೆ. ಅದನ್ನು ಪೂರ್ತಿ ಕಟ್ಟುವ ಮನಸ್ಸಿದೆ. ಕಟ್ಟಿದರೆ ಸ್ಕೋರ್‌ಗೆ ಸಹಾಯ ಆಗುತ್ತದಾ?

ಉತ್ತರ 2

ಚಾರ್ಜ್ ಆಫ್ ಅನ್ನುವುದು ಅಳಿಸುವುದಿಲ್ಲ, ಬಾಕಿ ಮಾತ್ರ ಸೊನ್ನೆ ಆಗುತ್ತದೆ. ಬಾಡಿಗೆ ಮನೆಯವರಿಗೋ ಸಾಲ ಕೊಡುವವರಿಗೋ ಅದು ಒಳ್ಳೆಯದಾಗಿ ಕಾಣುತ್ತದೆ. ಕಲೆಕ್ಷನ್ ಖಾತೆಗೆ ಲೆಕ್ಕ ಬೇರೆ. ಸ್ಕೋರ್ ಲೆಕ್ಕ ಹಾಕುವ ಫೈಕೋ ಪದ್ಧತಿಯಲ್ಲಿ ಬೇರೆ ಬೇರೆ ಆವೃತ್ತಿ ಇವೆ. ಫೈಕೋ 8ರಲ್ಲಿ ಕಟ್ಟಿದ ಕಲೆಕ್ಷನ್ನೂ ಕಟ್ಟದ್ದೂ ಹೆಚ್ಚುಕಡಿಮೆ ಒಂದೇ. ಫೈಕೋ 9ರಲ್ಲಿ ಪೂರ್ತಿ ತೀರಿಸಿದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾರು ಯಾವುದನ್ನು ನೋಡುತ್ತಾರೆ ಅನ್ನುವುದು ನಮ್ಮ ಕೈಲಿಲ್ಲ.

ನಿಮ್ಮ ಕೈಲಿರುವುದು ಹೊಸ ಖಾತೆ. ಒಂದು ಸೆಕ್ಯೂರ್ಡ್ ಕಾರ್ಡ್ ತೆಗೆಯಿರಿ, 300 ಡಾಲರ್ ಡೆಪಾಸಿಟ್ ಇಟ್ಟು. ಫೋನ್ ಬಿಲ್ ಒಂದನ್ನೇ ಅದಕ್ಕೆ ಹಾಕಿ, ಪ್ರತಿ ತಿಂಗಳು ಪೂರ್ತಿ ಕಟ್ಟಿ. ನನ್ನ ಸ್ಕೋರ್ ಎದ್ದದ್ದು ಅದರಿಂದಲೇ. ಆದರೆ ಬ್ಯಾಂಕಿನ 900 ಕಟ್ಟುವ ಮೊದಲೂ ವಕೀಲರನ್ನು ಕೇಳಿ. ಗಡುವಿನ ಮಾತು ಆ ಸಾಲಕ್ಕೂ ಇದೆ.

ಪ್ರಶ್ನೆ ಕೇಳಿದವಳು

ಇವತ್ತು ಪೋಸ್ಟ್ ಆಫೀಸಿಗೆ ಹೋಗಿ ಪತ್ರ ಕಳಿಸಿದೆ. ರಸೀದಿ ಫೈಲ್‌ನಲ್ಲಿಟ್ಟಿದ್ದೇನೆ. ಲೀಗಲ್ ಏಡ್‌ನವರು ಮಂಗಳವಾರ ಬರಲು ಹೇಳಿದ್ದಾರೆ. ಭಾವನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. "ಮೊದಲೇ ಹೇಳಬಾರದಿತ್ತಾ" ಅಂದರು. ಅವರಿಗೆ ಬಂದ ಕರೆಯ ತಾರೀಕು, ಸಮಯ ಎಲ್ಲ ಬರೆದು ಕಳಿಸಿದ್ದಾರೆ.